ಯಾರಿಂದ ಯಾರಿಗೆ

ಅವರು ತೀರಿಕೊಂಡ ಸುದ್ದಿ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬೆಳಿಗ್ಗೆ ನನಗೆ ಬೇರೆ ಬೇರೆ ಥರ ಸಿಕ್ಕಿತು. ಹೂ ಮಾರುವಾಕೆ "ಹಾರ್ಟಂತೆ" ಎಂದಳು. ಹೋಟೆಲಿನವರು "ಲಿವರ್ ಹೋಗಿತ್ತಂತೆ" ಎಂದರು. ಪಕ್ಕದಲ್ಲಿ ಬಂದು ನಿಂತ ಪರಿಚಯದವರೊಬ್ಬರು ದನಿ ತಗ್ಗಿಸಿ, "ಅದೇ ಹಳೇದು ಮತ್ತೆ ಎದ್ದಿತ್ತಂತಲ್ಲ, ನಿಮಗೆ ಗೊತ್ತಿರ್ಬೇಕು" ಎಂದರು. ನನಗೆ ಗೊತ್ತಿರಲಿಲ್ಲ. ಹಳೆಯದು ಎದ್ದಿರಲಾರದು ಎಂದು ಮಾತ್ರ ಅಂದುಕೊಂಡೆ. ಅವರ ಕೊನೆಯ ಕಫವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವಳು ನಾನೇ. ಅದರಲ್ಲಿ ಏನೂ ಇರಲಿಲ್ಲ. ಆದರೂ ಆ ಪರಿಚಯದವರು ಹೇಳಿದ ಧಾಟಿಗೆ ನನಗೇ ಒಂದು ಕ್ಷಣ ಅನುಮಾನವಾಯಿತು. ತೀರಿಕೊಂಡವರ ವಿಷಯದಲ್ಲಿ ನನಗೆ ಆದದ್ದೆಲ್ಲ ಹೀಗೆಯೇ. ತಿಳಿದಿದೆ ಅಂದುಕೊಂಡದ್ದು ಕೈಗೆ ಸಿಗುವ ಹೊತ್ತಿಗೆ ಜಾರಿ ಹೋಗುತ್ತಿತ್ತು.

ಹೆಸರು ಬರೆಯುವುದಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಹೆಸರು ನುಂಗುವ ಅಭ್ಯಾಸ ಮೊದಲು ಬರಬೇಕು. ಕಂಡಕ್ಟರು ಎಂದರೆ ಸಾಕು. ಆಗ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಾನು ಶೃಂಗೇರಿಯಲ್ಲಿದ್ದುಕೊಂಡು ಕೊಪ್ಪದ ಆಸ್ಪತ್ರೆಯೊಂದಕ್ಕೆ ದಿನಾ ಹೋಗಿ ಬರುತ್ತಿದ್ದೆ. ನೆಮ್ಮಾರಿನಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹೊರಟು, ಶೃಂಗೇರಿ, ಕೊಪ್ಪ ದಾಟಿ ನರಸಿಂಹರಾಜಪುರಕ್ಕೆ ಹೋಗುವ ಖಾಸಗಿ ಬಸ್ಸೊಂದಿತ್ತು. ಅವರು ಅದರ ಕಂಡಕ್ಟರು. ಮನೆ ನರಸಿಂಹರಾಜಪುರದ ಹತ್ತಿರದ ಹಳ್ಳಿಯಲ್ಲಿ. ವಾರದ ರಜೆಗೆ ಮನೆ, ಉಳಿದಂತೆ ಬಸ್ಸೇ ಮನೆ.

ಗಿಡ್ಡ ಆಳು, ದೊಡ್ಡ ದನಿ. ಟಿಕೆಟ್ಟಿನ ಕಟ್ಟನ್ನು ಎಡಗೈಯ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಬಲಗೈಯ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹರಿಯುತ್ತಿದ್ದರು. ಆ ಬಸ್ಸಿನಲ್ಲಿ ಜನ ಮಾತ್ರ ಹೋಗುತ್ತಿರಲಿಲ್ಲ. ಮದುವೆ ಕಾಗದ, ಹರಿತ ಮಾಡಿಸಿದ ಕತ್ತಿ, ಯಾರದೋ ಅಜ್ಜಿಯ ಬಿ.ಪಿ. ಮಾತ್ರೆ, ಮರೆತು ಹೋದ ಕನ್ನಡಕ, ಎಲ್ಲ ಅವರ ಕೈಯಿಂದಲೇ ಒಂದು ಊರಿನಿಂದ ಇನ್ನೊಂದು ಊರಿಗೆ ದಾಟುತ್ತಿದ್ದವು. "ಬಸ್ಸಲ್ಲಿ ಜಾಗ ಇಲ್ಲ ಅನ್ನೋದು ಸುಳ್ಳು ಮಾರಾಯ, ಒಳಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಅಷ್ಟೆ," ಎನ್ನುತ್ತ ಜನರನ್ನು ತುರುಕುತ್ತಿದ್ದರು. ಮಳೆಗಾಲದಲ್ಲಿ ಕಿಟಕಿಗಳ ಟರ್ಪಾಲಿನ ಪರದೆಗಳನ್ನೆಲ್ಲ ಇಳಿಸಿ ಗುಂಡಿ ಹಾಕಿದರೆ ಒಳಗೆ ನಸುಗತ್ತಲು. ಒದ್ದೆ ಛತ್ರಿ, ತಲೆಗೆ ಹಚ್ಚಿದ ಎಣ್ಣೆ, ಡೀಸೆಲ್ಲು, ಎಲ್ಲದರ ವಾಸನೆ ಸೇರಿಕೊಂಡು ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುತ್ತಿತ್ತು. ಅದರಲ್ಲಿ ತಪ್ಪೇನೂ ನಮಗೆ ಕಂಡಿರಲಿಲ್ಲ. ಬೆಚ್ಚಗಿರುತ್ತಿತ್ತು.

ಅಂಥ ಒಂದು ಮಳೆಗಾಲದಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಮೊದಮೊದಲು ಕಾಳುಮೆಣಸಿನ ಕಷಾಯವನ್ನು ಬಾಟಲಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಶುಂಠಿ ಪೆಪ್ಪರ್‌ಮೆಂಟು. ಅಂಗಿಯ ಕಾಲರು ದೊಡ್ಡದಾಗುತ್ತ ಬಂದದ್ದನ್ನು, ಅಂದರೆ ಕುತ್ತಿಗೆ ಸಣ್ಣದಾಗುತ್ತ ಬಂದದ್ದನ್ನು ನಾನು ಗಮನಿಸಿದೆ. ಒಂದು ದಿನ ಇಳಿಯುವಾಗ, "ಒಂದ್ಸಲ ಆಸ್ಪತ್ರೆಗೆ ಬಂದು ಕಫ ಕೊಡಿ," ಎಂದೆ.

"ಕಂಡಕ್ಟ್ರಿಗೆ ಕೆಮ್ಮು ಬರ್ದೆ ಇನ್ಯಾರಿಗೆ ಬರ್ಬೇಕು ಮೇಡಮ್ಮ," ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವವರೆಗೆ ಡ್ರೈವರು ಬಸ್ಸು ಬಿಡದೆ ಕಾದ.

ಕೊನೆಗೆ ಬಂದರು. ರಜೆಯ ದಿನ, ಖಾಕಿ ಇಲ್ಲದೆ ಹೂವಿನ ಚಿತ್ರದ ಅಂಗಿ ಹಾಕಿಕೊಂಡು ಬಂದದ್ದರಿಂದ ನನಗೆ ತಕ್ಷಣ ಗುರುತೇ ಸಿಗಲಿಲ್ಲ. ಬೆಳಗಿನ ಕಫ ತರಬೇಕೆಂದು ಕೊಟ್ಟ ಡಬ್ಬಿಯನ್ನು ಮರುದಿನ ಬೇಕರಿಯ ಪೊಟ್ಟಣದಲ್ಲಿ ಸುತ್ತಿ, ದಾರ ಕಟ್ಟಿ, ಸಿಹಿ ತಂದವರ ಹಾಗೆ ಮೇಜಿನ ಮೇಲೆ ಇಟ್ಟರು. ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಕೊಟ್ಟು ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು. ಹುಡುಕುವ ಕೆಲಸವೇ ಇರಲಿಲ್ಲ. ಎಲ್ಲಿ ನೋಡಿದರೂ ಇದ್ದವು.

ವೈದ್ಯರು ಅವರಿಗೆ ಸಮಾಧಾನವಾಗಿಯೇ ಹೇಳಿದರು. ಕ್ಷಯ, ಆದರೆ ಗುಣವಾಗುತ್ತದೆ. ಮಾತ್ರೆ ಪುಕ್ಕಟೆ. ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು, ಅದೂ ಒಬ್ಬರ ಕಣ್ಣೆದುರಿಗೇ ನುಂಗಬೇಕು. ಅರ್ಧಕ್ಕೆ ಬಿಟ್ಟರೆ ಮುಂದೆ ಅದೇ ಮಾತ್ರೆ ನಾಟುವುದಿಲ್ಲ. ಮೊದಲ ಕೆಲವು ವಾರ ಜನರಿಂದ ದೂರವಿರಬೇಕು, ಆಮೇಲೆ ಕೆಲಸಕ್ಕೆ ಹೋಗಬಹುದು. ಅವರು ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತರು.

"ಮೇಡಮ್ಮ, ಇದು ನಂಗೆ ಎಲ್ಲಿಂದ ಬಂತು?"

"ಅದು ಹೇಳ್ಲಿಕ್ಕೆ ಬರಲ್ಲ."

"ಊಟದಿಂದನಾ? ಹಾಲ್ಟಿಂಗು ಅಂತ ಕಂಡ ಕಂಡ ಕಡೆ ತಿಂತೀನಲ್ಲ."

"ಊಟ, ತಟ್ಟೆ, ಲೋಟ ಯಾವುದೂ ಅಲ್ಲ. ಗಾಳಿಯಿಂದ. ಕಾಯಿಲೆ ಇದ್ದವ್ರು ಕೆಮ್ಮಿದ್ರೆ, ಜೋರಾಗಿ ಮಾತಾಡಿದ್ರೂ, ಗಾಳಿಗೆ ಬರ್ತದೆ. ಮುಚ್ಚಿದ ಜಾಗದಲ್ಲಿ ಅಲ್ಲೇ ಸುತ್ತುತಾ ಇರ್ತದೆ. ದಿನಾ ಆ ಗಾಳಿ ಉಸಿರಾಡಿದವ್ರ ಒಳಗೆ ಹೋಗ್ತದೆ."

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಆಮೇಲೆ "ಹಂಗಾರೆ ಬಸ್ಸು," ಎಂದರು. ಅದು ಪ್ರಶ್ನೆಯೋ ಅಲ್ಲವೋ ಗೊತ್ತಾಗಲಿಲ್ಲ. ಆ ಸಂಜೆ ಅದೇ ರಸ್ತೆಯಲ್ಲಿ ಬೇರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ, ಅವರ ಬಸ್ಸಿನಲ್ಲಿ ಯಾರು ಯಾವ ಸೀಟಿನಲ್ಲಿ ಕೂರುತ್ತಾರೆ ಎಂದು ನೆನಪು ಮಾಡಿಕೊಳ್ಳತೊಡಗಿದೆ. ಎಲ್ಲರನ್ನೂ ಬಲ್ಲೆ. ಕ್ರಿಮಿ ಒಳಗೆ ಹೊಕ್ಕವರಿಗೆಲ್ಲ ಕಾಯಿಲೆ ಏಳುವುದಿಲ್ಲ, ಹೆಚ್ಚಿನವರಲ್ಲಿ ಅದು ನಿದ್ದೆ ಹೋಗಿರುತ್ತದೆ, ಕೆಲವರಲ್ಲಿ ವರ್ಷಗಳ ಮೇಲೆ ಕಣ್ಣು ಬಿಡುತ್ತದೆ ಎಂದು ತರಬೇತಿಯಲ್ಲಿ ಓದಿದ್ದೆ. ಓದಿದ್ದು ಸಮಾಧಾನಕ್ಕಾಯಿತೋ ಗಾಬರಿಗಾಯಿತೋ ಹೇಳಲಾರೆ. ನನ್ನದೇ ಎದೆಯ ಫೋಟೋ ತೆಗೆಸಿ ನೋಡಿಕೊಂಡೆ. ಏನಿರಲಿಲ್ಲ.

ಮಾಲೀಕರಿಗೆ ಕಾಮಾಲೆ ಎಂದು ಹೇಳಿ ಅವರು ರಜೆ ಹಾಕಿದರು. ಕಾಮಾಲೆಗೆ ನಮ್ಮ ಕಡೆ ಮರ್ಯಾದೆ ಇದೆ. ಹಳ್ಳಿ ಮದ್ದು, ಪಥ್ಯ ಎಂದರೆ ಯಾರೂ ಮುಂದೆ ಕೇಳುವುದಿಲ್ಲ. ವೈದ್ಯರು ಹೇಳಿದಷ್ಟು ವಾರ ಮನೆಯಲ್ಲೇ ಇದ್ದು, ಅಲ್ಲಿಯ ಅಂಗನವಾಡಿಯಾಕೆಯ ಎದುರು ಮಾತ್ರೆ ನುಂಗಿದರು. ಹೆಂಡತಿಯನ್ನು ಕರೆತಂದು ಪರೀಕ್ಷೆ ಮಾಡಿಸಿದರು, ಆಕೆಗೆ ಏನೂ ಇರಲಿಲ್ಲ. ಅವರು ಬಸ್ಸಿಗೆ ಮರಳಿ ಬಂದ ದಿನವೂ ಮಳೆ ಹೊಡೆಯುತ್ತಿತ್ತು. ಶೃಂಗೇರಿಯಲ್ಲಿ ನಾನು ಹತ್ತಿದಾಗ ಬಸ್ಸಿನ ಒಂದು ಬದಿಯ ಪರದೆಗಳೆಲ್ಲ ಮೇಲೆ ಸುತ್ತಿಕೊಂಡಿದ್ದವು. ಜನ ಛತ್ರಿಯನ್ನು ಒಳಗೇ ಬಿಚ್ಚಿ ಕೂತಿದ್ದರು.

ಮುಂದಿನ ಸೀಟಿನಲ್ಲಿ ಕೊಪ್ಪದ ಅಡಿಕೆ ಮಂಡಿಯ ಯಜಮಾನರೊಬ್ಬರು ಖಾಯಂ ಕೂರುತ್ತಿದ್ದರು. ಅವರ ಬಿಳಿ ಪಂಚೆ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಎಂತ ಇದು, ಕಾಮಾಲೆ ತಲೆಗೇರಿದ್ಯಾ ನಿಂಗೆ?"

"ಒಂದು ಬದಿ ಮಾತ್ರ ಯಜಮಾನ್ರೇ. ಗಾಳಿ ಆಡ್ಬೇಕು."

"ಗಾಳಿ ಬೇಕಾದ್ರೆ ನೀನು ಟಾಪಿನ ಮೇಲೆ ಕೂತ್ಕೊ."

ಜನ ನಕ್ಕರು. ಡ್ರೈವರು ಕನ್ನಡಿಯಲ್ಲಿ ನೋಡಿ, "ಇಳಿಸು ಮಾರಾಯ, ಬೈಸಿಕೊಳ್ಳೋದು ಎಂತಕ್ಕೆ" ಎಂದ. ಅವರು ಇಳಿಸಲಿಲ್ಲ. ಯಜಮಾನರೇ ಎದ್ದು ತಮ್ಮ ಪಕ್ಕದ ಪರದೆಯನ್ನು ಇಳಿಸಿ ಗುಂಡಿ ಹಾಕಿಕೊಂಡರು. ಮುಂದಿನ ಸ್ಟಾಪಿನಲ್ಲಿ ಕಂಡಕ್ಟರು ಬಂದು ಅದನ್ನು ಮತ್ತೆ ಸುತ್ತಿದರು. ಹೀಗೇ ಕೊಪ್ಪದವರೆಗೆ ನಡೆಯಿತು.

ಇಳಿಯುವಾಗ ನಾನು ಮೆಲ್ಲಗೆ, "ಈಗ ನಿಮ್ಮಿಂದ ಹರಡಲ್ಲ. ಮಾತ್ರೆ ಶುರುವಾಗಿ ಕಫದಲ್ಲೂ ಇಳಿದಿದೆ. ಇಷ್ಟೆಲ್ಲ ಬೇಡ," ಎಂದೆ.

"ನನ್ನಿಂದ ಹರಡಲ್ಲ, ಸರಿ. ನಂಗೆ ಕೊಟ್ಟವ್ನು?" ಎಂದರು. "ಅವ್ನಿಗೆ ಯಾರು ಮಾತ್ರೆ ಕೊಟ್ಟಿದಾರೆ? ಅವ್ನು ಇನ್ನೂ ಈ ಬಸ್ಸಲ್ಲೇ ಕೂತಿರ್ಬೋದಲ್ಲ."

ಅವರ ಮಾತಿನಲ್ಲಿ ಇದ್ದದ್ದು ಜನರ ಮೇಲಿನ ಕಾಳಜಿಯೋ ತನಗೆ ಕೊಟ್ಟವನನ್ನು ಹಿಡಿಯಬೇಕೆಂಬ ಸಿಟ್ಟೋ ನನಗೆ ಆ ದಿನವೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಅಂದಿನಿಂದ ಅವರು ಕೆಮ್ಮುಗಳಿಗೆ ಕಿವಿಗೊಡತೊಡಗಿದರು. ಟಿಕೆಟು ಹರಿಯುತ್ತಿದ್ದವರು ಹಿಂದೆ ಎಲ್ಲೋ ಕೆಮ್ಮು ಕೇಳಿದರೆ ಕೈ ನಿಲ್ಲಿಸುತ್ತಿದ್ದರು. "ಎಷ್ಟು ದಿನದ್ದು ಇದು?" ಎಂದು ಕೇಳುತ್ತಿದ್ದರು. ಜನರನ್ನು ತುರುಕುವುದನ್ನು ಬಿಟ್ಟರು. ತುಂಬಿದ ಬಸ್ಸಿನಲ್ಲಿ ಕೆಮ್ಮುವವರು ಹತ್ತಿದರೆ ಬಾಗಿಲ ಪಕ್ಕ ನಿಲ್ಲಿಸಿ ತಾವೇ ಪಕ್ಕದಲ್ಲಿ ನಿಲ್ಲುತ್ತಿದ್ದರು.

ನನ್ನ ಲ್ಯಾಬಿಗೆ ಹೊಸಬರು ಬರತೊಡಗಿದರು. "ಕಂಡಕ್ಟ್ರು ಕಳಿಸಿದ್ರು," ಎನ್ನುವರು. ಕೆಲವರಿಗೆ ಉಬ್ಬಸ, ಕೆಲವರಿಗೆ ಬರೀ ಶೀತ. ಹೃದಯದ ತೊಂದರೆ ಇದ್ದ ಒಬ್ಬ ಅಜ್ಜ ಅದರಿಂದಾಗಿ ಸಕಾಲಕ್ಕೆ ಶಿವಮೊಗ್ಗಕ್ಕೆ ಹೋದರು. ಕ್ಷಯ ಮಾತ್ರ ಯಾರಲ್ಲೂ ಸಿಗಲಿಲ್ಲ. ನನ್ನ ಕಣ್ಣು ನೋಯುವಷ್ಟು ಗಾಜಿನ ಪಟ್ಟಿಗಳನ್ನು ನೋಡಿದೆ. "ಅವರು ಹೇಳಿದ್ರು ಅಂತ ಎಲ್ಲ ಬರ್ತಾರಲ್ಲ, ನೀವು ಅವರಿಗೆ ಹೇಳ್ಕೊಟ್ಟಿದ್ದು ಹೆಚ್ಚಾಯ್ತು," ಎಂದು ವೈದ್ಯರು ಒಮ್ಮೆ ನಕ್ಕರು. ಇನ್ನೊಮ್ಮೆ ಅವರೇ, "ಕೆಮ್ಮಿದವರು ಬರ್ಲಿ ಅಂತ ಕಾಯೋದಕ್ಕಿಂತ ಹುಡ್ಕೋದೇ ಸರಿ, ಮಾತ್ರೆ ನುಂಗಿದ ಒಬ್ಬ ರೋಗಿ ಅಂದ್ರೆ ಹರಡೋ ಬಾಯಿ ಒಂದು ಮುಚ್ಚಿದ ಹಾಗೆ," ಎಂದರು. ಯಾವ ಮಾತನ್ನು ಹಿಡಿಯಬೇಕೆಂದು ನನಗೆ ತೋಚಲಿಲ್ಲ.

ಕಂಡಕ್ಟರು ಮಂಡಿಯ ಯಜಮಾನರನ್ನೂ ಬಿಡಲಿಲ್ಲ. ಎಲ್ಲರ ಮುಂದೆ, "ನಿಮ್ಮ ಕೆಮ್ಮೂ ಬಾಳ ದಿನದ್ದಾಯ್ತು, ಒಂದ್ಸಲ ತೋರ್ಸಿ," ಎಂದುಬಿಟ್ಟರು. ಯಜಮಾನರ ಮುಖ ಕೆಂಪಾಯಿತು. ಆದರೂ ಹೆದರಿಕೆ ಯಾರನ್ನು ಬಿಟ್ಟಿದೆ, ಗುಟ್ಟಾಗಿ ಬಂದು ಕಫ ಕೊಟ್ಟು ಹೋದರು. ಏನಿರಲಿಲ್ಲ. ಅಡಿಕೆ ಧೂಳಿನ ಕೆಮ್ಮು. ಅಲ್ಲಿಗೆ ಅವರ ಹೆದರಿಕೆ ಹೋಯಿತು, ಅವಮಾನ ಉಳಿಯಿತು.

ಕಂಡಕ್ಟರ ಔಷಧಿ ಮುಗಿಯಿತು. ದಿನ ಬಿಟ್ಟು ದಿನ ಕೊಪ್ಪದಲ್ಲಿ ಬಸ್ಸು ನಿಂತಾಗ ಚೀಲ ಹೆಗಲಿಗೇರಿಸಿಕೊಂಡೇ ಆಸ್ಪತ್ರೆಗೆ ಓಡಿ ಬಂದು, ನರ್ಸಿನ ಎದುರಿಗೆ ಒಂದು ಮುಷ್ಟಿ ಮಾತ್ರೆ ನುಂಗಿ ಓಡಿಹೋಗುತ್ತಿದ್ದರು. ಒಂದು ಸಲವೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ನಾನು ಹೇಳಿದಾಗ ಖುಷಿಪಡಬೇಕಿತ್ತು. "ಅವ್ನು ಸಿಗ್ಲೇ ಇಲ್ಲ ಮೇಡಮ್ಮ," ಎಂದರು.

ಮುಂದಿನ ಮಳೆಗಾಲದಲ್ಲಿ ಸಿಕ್ಕಿದಳು. ಅವರು ಹುಡುಕಿದ್ದು ಒಬ್ಬ ಗಂಡಸನ್ನು ಎಂದು ಕಾಣುತ್ತದೆ. ಸಿಕ್ಕವಳು ನೆಮ್ಮಾರಿನ ಹುಡುಗಿ. ಬಾಳಗಡಿಯ ಕಾಲೇಜಿನಲ್ಲಿ ಓದುತ್ತಿದ್ದವಳು. ನೆಮ್ಮಾರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ, ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲಿ, ಕಂಡಕ್ಟರು ನಿಲ್ಲುವ ಜಾಗಕ್ಕೆ ತಾಗಿಯೇ ಕೂರುತ್ತಿದ್ದಳು. ಬಾಯಿಗೆ ಕರ್ಚೀಫು ಹಿಡಿದು ಕೆಮ್ಮುತ್ತಿದ್ದಳಂತೆ. ಅವರೇ ಒಂದು ದಿನ ಅವಳನ್ನು ನನ್ನ ಬಳಿ ಕರೆತಂದು ಬಿಟ್ಟು, ಡ್ರೈವರು ಹಾರ್ನ್ ಹೊಡೆಯುತ್ತಿದ್ದರೂ ಹೋಗದೆ ವರಾಂಡದಲ್ಲಿ ನಿಂತಿದ್ದರು.

ಫಲಿತಾಂಶ ಬಂದ ದಿನ ನಾನು ಅವರಿಗೆ ಹೇಳುವ ಹಾಗಿರಲಿಲ್ಲ. ಹುಡುಗಿಯೇ ಹೇಳಿದಳು. ಅವರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅವರು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಡುಗಿಗೆ ಕಾಯಿಲೆಗಿಂತ ಊರಿನ ಹೆದರಿಕೆ ಹೆಚ್ಚು. ಅಂಗನವಾಡಿಯಲ್ಲಿ ಮಾತ್ರೆ ಬೇಡ, ನೆಮ್ಮಾರೆಲ್ಲ ತಿಳಿಯುತ್ತದೆ. ಕೊಪ್ಪದ ಆಸ್ಪತ್ರೆಯ ಬೆಂಚೂ ಬೇಡ, ಕಾಲೇಜಿನವರು ನೋಡುತ್ತಾರೆ. "ಮನೇಲಿ ಅಪ್ಪ ಅಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಾಗ್ಬಾರ್ದು. ಅಪ್ಪ ಈಗ್ಲೇ ಅಜ್ಜನ ಕಾಲದಿಂದ ನಮ್ಮ ವಂಶದಲ್ಲೇ ಇರ್ಬೇಕು ಅಂತ ತಲೆ ಮೇಲೆ ಕೈ ಹೊತ್ತು ಕೂತಿದಾರೆ," ಎಂದಳು. ಮನೆಯವರ ಕೈಗೆ ಮಾತ್ರೆ ಕೊಡುವ ಪದ್ಧತಿ ಆಗ ಇರಲಿಲ್ಲ, ಹೊರಗಿನವರೊಬ್ಬರು ನೋಡಿಯೇ ನುಂಗಿಸಬೇಕಿತ್ತು. ಆಗ ಕಂಡಕ್ಟರು, "ನಾನು ಕೊಡ್ತೀನಿ. ದಿನಾ ಬಸ್ಸಲ್ಲಿ ಸಿಗ್ತಾಳಲ್ಲ," ಎಂದರು. ಕಾಯಿಲೆಯಿಂದ ಗುಣವಾದವರೂ ಮಾತ್ರೆ ನುಂಗಿಸಬಹುದಿತ್ತು. ವೈದ್ಯರು ಒಪ್ಪಿದರು. ಸೋಂಕು ಇಳಿಯುವವರೆಗೆ ಅವಳು ಮನೆಯಲ್ಲೇ ಇದ್ದಳು. ಅಷ್ಟು ವಾರ ನೆಮ್ಮಾರಿನಲ್ಲಿ ಬಸ್ಸು ಹೊರಡುವ ಮೊದಲು ಅವಳ ಮನೆಯವರೆಗೆ ನಡೆದು ಹೋಗಿ ಕೊಟ್ಟು ಬಂದರು. ಆಮೇಲೆ ಅವಳು ಮತ್ತೆ ಕಾಲೇಜಿಗೆ ಹೊರಟಳು, ಮಾತ್ರೆ ಬಸ್ಸಿನಲ್ಲೇ ನಡೆಯಿತು.

ಹರಿಹರಪುರ ದಾಟಿದ ಮೇಲೆ ಬಸ್ಸಿನಲ್ಲಿ ಜನ ಸ್ವಲ್ಪ ಕಡಿಮೆಯಾಗುವ ಒಂದು ಹೊತ್ತಿತ್ತು. ಆಗ ಅವರು ಚಿಲ್ಲರೆ ಕೊಡುವವರ ಹಾಗೆ ಅವಳ ಮೇಲೆ ಬಾಗಿ, ಅಂಗೈಗೆ ಮಾತ್ರೆ ಹಾಕಿ, ತಮ್ಮ ನೀರಿನ ಬಾಟಲಿ ಕೊಡುತ್ತಿದ್ದರು. ಅವಳು ಕಿಟಕಿ ಕಡೆ ತಿರುಗಿ ನುಂಗುತ್ತಿದ್ದಳು. ಮಾತ್ರೆ ತೆಗೆದ ಖಾಲಿ ಹಾಳೆಯನ್ನು ಅವರು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಾನು ನಾಲ್ಕು ಸೀಟು ಮುಂದೆ ಕೂತು ಏನೂ ಕಾಣದವಳ ಹಾಗೆ ಇರುತ್ತಿದ್ದೆ.

ಆದರೆ ಕಾಣುವವರು ಇದ್ದರು. ಮಧ್ಯವಯಸ್ಸಿನ ಕಂಡಕ್ಟರು ದಿನ ಬಿಟ್ಟು ದಿನ ಕಾಲೇಜಿನ ಹುಡುಗಿಗೆ ಗುಟ್ಟಾಗಿ ಏನೋ ಕೊಡುವುದು, ಅವಳು ಮುಖ ತಿರುಗಿಸುವುದು, ಬಾಟಲಿ ಹಂಚಿಕೊಳ್ಳುವುದು. ಬಸ್ಸಿನಲ್ಲಿ ಕಣ್ಣುಗಳು ಮಾತಾಡತೊಡಗಿದವು. ನಾನು ಅವರಿಗೆ ಎಚ್ಚರಿಸಿದೆ. "ಅನ್ನೋರು ಅನ್ಲಿ. ಮಾತು ಇವತ್ತಲ್ಲ ನಾಳೆ ನಿಲ್ತದೆ, ಮಾತ್ರೆ ನಿಂತ್ರೆ ಅದು ನಿಲ್ಲಲ್ವಲ್ಲ," ಎಂದರು. ಆ ವಾಕ್ಯ ಸರಿಯಾಗಿ ಅರ್ಥವಾಗಲು ನನಗೆ ಬಹಳ ಹೊತ್ತು ಹಿಡಿಯಿತು. ನಿಲ್ಲದಿರುವುದು ಕಾಯಿಲೆ.

ಒಂದು ಬೆಳಿಗ್ಗೆ, ಬಾಳಗಡಿ ಇನ್ನೂ ಸ್ವಲ್ಪ ದೂರವಿರುವಾಗ, ಮಂಡಿಯ ಯಜಮಾನರು ಎದ್ದು ಹಿಂದಕ್ಕೆ ಬಂದರು. ಮಳೆ ಜೋರಾಗಿತ್ತು. ಜನ ಕಂಡಕ್ಟರ ಜೊತೆ ಜಗಳವಾಡಿ ಪರದೆಗಳನ್ನೆಲ್ಲ ಇಳಿಸಿಕೊಂಡಿದ್ದರು.

"ಎಂತ ಕೊಟ್ಟೆ ಅವ್ಳಿಗೆ?"

"ಏನಿಲ್ಲ ಯಜಮಾನ್ರೇ."

"ನಾನು ತಿಂಗ್ಳಿಂದ ನೋಡ್ತಾ ಇದೀನಿ. ಅದು ನಮ್ಮ ಕಡೆ ಕೂಸು. ಅದ್ರಪ್ಪ ನಂಗೆ ಗೊತ್ತು. ಚೀಲ ತೆಗಿ."

ಕಂಡಕ್ಟರು ಚೀಲದ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಚೀಲ ತೆಗೆಯೋ ಹಂಗಿಲ್ಲ."

ಡ್ರೈವರು ಬಸ್ಸು ನಿಲ್ಲಿಸಿದ. ಯಜಮಾನರು ಹೊಡೆದರು. ಟಿಕೆಟ್ಟಿನ ಕಟ್ಟು ಜಾರಿ ಒದ್ದೆ ನೆಲದ ಮೇಲೆ ಬಿತ್ತು. ನಾನು ಎದ್ದು, "ಅದು ಮಾತ್ರೆ. ರಕ್ತ ಕಮ್ಮಿ ಇರೋದಕ್ಕೆ. ಆಸ್ಪತ್ರೆಯಿಂದ ನಾನೇ ಕೊಟ್ಟಿದ್ದು," ಎಂದೆ. ಬಾಯಿಗೆ ಬಂದ ಸುಳ್ಳು. ಯಜಮಾನರು, "ರಕ್ತದ ಮಾತ್ರೆನ ಕಂಡಕ್ಟ್ರು ಎಂತಕ್ಕೆ ಕೊಡ್ಬೇಕು ಮೇಡಂ?" ಎಂದರು. ಕಂಡಕ್ಟರು ನನ್ನ ಕಡೆ ನೋಡಿ, ಬೇಡ ಎಂಬಂತೆ ತಲೆಯಾಡಿಸಿದರು. ಅವರ ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಅವರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಆಗ ಹುಡುಗಿ ಎದ್ದು ನಿಂತಳು. ಸೀಟಿನ ಕಂಬಿ ಹಿಡಿದುಕೊಂಡಿದ್ದಳು.

"ನಂಗೆ ಟಿ.ಬಿ. ಇದೆ. ಅವ್ರು ಕೊಡೋದು ಅದ್ರ ಮಾತ್ರೆ. ಅವ್ರನ್ನ ಹೊಡೀಬೇಡಿ."

ಅವಳ ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಮುಂದೆ ಹೋದಳು. ಯಜಮಾನರು ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಯಾರೋ ಒಂದು ಪರದೆಯ ಗುಂಡಿ ಬಿಚ್ಚಿದರು. ಇನ್ನೊಬ್ಬರು ಇನ್ನೊಂದನ್ನು. ನೋಡುತ್ತಿದ್ದಂತೆ ಬಸ್ಸಿನ ಎರಡೂ ಬದಿಯ ಪರದೆಗಳು ಮೇಲೆದ್ದವು. ಮಳೆ ಒಳಗೆ ಹೊಡೆಯಿತು, ಒಬ್ಬರೂ ಗೊಣಗಲಿಲ್ಲ. ವರ್ಷದಿಂದ ಆ ಮನುಷ್ಯ ಬೇಡಿಕೊಂಡದ್ದನ್ನು ಆ ದಿನ ಎಲ್ಲರೂ ಮಾಡಿದರು, ಅವಳೊಬ್ಬಳಿಗೆ ಹೆದರಿ. "ಅವ್ಳಿಂದ ಈಗ ಹರಡಲ್ಲ, ಮಾತ್ರೆ ಶುರುವಾಗಿದೆ," ಎಂದು ನಾನು ಜೋರಾಗಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೇಲೆದ್ದ ಪರದೆಗಳನ್ನು ನೋಡಿ ನನಗೆ ಅಳು ಬಂತೋ ಸಮಾಧಾನವಾಯಿತೋ ಇವತ್ತಿಗೂ ಗೊತ್ತಿಲ್ಲ. ಕಂಡಕ್ಟರು ನೆಲದ ಮೇಲಿನ ಟಿಕೆಟುಗಳನ್ನು ಎತ್ತಿ ಒರೆಸಿ, "ರೈಟ್" ಎಂದರು.

ಅವರ ಕೆಲಸ ಹೋಯಿತು. ಮಾಲೀಕರು ಕೆಟ್ಟವರಲ್ಲ, "ಟಿ.ಬಿ.ಯವ್ರನ್ನ ಕೂರಿಸೋ ಬಸ್ಸಿಗೆ ಜನ ಹತ್ತಲ್ಲ ಅಂತಾರೆ, ನಾನು ಎಂತ ಮಾಡ್ಲಿ" ಎಂದರಂತೆ. ಹುಡುಗಿ ಕಾಲೇಜು ಬಿಟ್ಟು ಮನೆ ಸೇರಿದಳು. ನನಗಿದ್ದ ಹೆದರಿಕೆ ಮಾತ್ರೆಯದು. ಅರ್ಧಕ್ಕೆ ನಿಲ್ಲಿಸಿದರೆ ಅವಳಿಗೂ ಕೇಡು, ಅವಳ ಜೊತೆ ಉಸಿರು ಹಂಚಿಕೊಳ್ಳುವವರಿಗೂ ಕೇಡು. ನಾನು ನೆಮ್ಮಾರಿಗೆ ಹೊರಟಾಗ ಅದೇ ಬಸ್ಸಿನಲ್ಲಿ, ಹೊಸ ಕಂಡಕ್ಟರಿಂದ ಟಿಕೆಟು ತೆಗೆದುಕೊಂಡು ಅವರು ಕೂತಿದ್ದರು. ಅಂಗಿಯ ಜೇಬಿನಲ್ಲಿ ಅವಳ ಮಾತ್ರೆಯ ಹಾಳೆ.

ಹುಡುಗಿಯ ಅಪ್ಪ ನಮ್ಮನ್ನು ಒಳಗೆ ಕರೆಯಲಿಲ್ಲ. ಬೇಲಿಯ ಬಾಗಿಲು, ದಣಪೆಯ ಆಚೆ ನಿಂತೇ, "ನಮ್ಮ ಮನೆ ಮಾನ ಬಸ್ಸಲ್ಲಿ ಹೋಯ್ತು. ಇನ್ನು ಇವ್ಳನ್ನ ಯಾರು ಕೇಳ್ತಾರೆ? ವಂಶದ ಕಾಯಿಲೆ ಅಂತ ಊರೆಲ್ಲ ಮಾತಾಡ್ತಿದೆ," ಎಂದರು.

"ವಂಶದ್ದಲ್ಲ," ಎಂದರು ಕಂಡಕ್ಟರು. "ನನ್ನಿಂದ್ಲೇ ಬಂದಿದ್ದು ಅವ್ಳಿಗೆ. ಹೋದ ವರ್ಷ ನಂಗೆ ಇತ್ತು. ದಿನಾ ನನ್ನ ಪಕ್ಕ ಕೂರ್ತಿದ್ಲು. ಕೇಳಿದವ್ರಿಗೆ ಹಂಗೇ ಹೇಳಿ."

ಅಪ್ಪನ ಮುಖ ನೋಡಲಾಗಲಿಲ್ಲ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. "ನಿನ್ನ ಸಂತಾನ ನಾಶವಾಗ್ಲಿ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದರು. ಮಾತ್ರೆ ನಿಲ್ಲಲಿಲ್ಲ. ಅದು ಮುಗಿಯುವವರೆಗೂ ಕಂಡಕ್ಟರು ನೆಮ್ಮಾರಿಗೆ ಹೋಗುತ್ತಲೇ ಇದ್ದರು, ದಣಪೆಯಿಂದ ಒಳಗೆ ಹೋಗಲಿಲ್ಲ.

ವಾಪಸು ಬರುವಾಗ ನಾನು ಜಗಳ ತೆಗೆದೆ. "ಹಾಗೆ ಹೇಳ್ಲಿಕ್ಕೆ ಬರಲ್ಲ. ನಿಮ್ಮಿಂದ ಅವ್ಳಿಗೆ ಬಂದಿರ್ಬೋದು, ಅವ್ಳಿಂದ ನಿಮಗೆ ಬಂದಿರ್ಬೋದು, ಇಬ್ರಿಗೂ ಬೇರೆ ಯಾರಿಂದಲೋ ಬಂದಿರ್ಬೋದು. ನಿಮ್ಮೊಳಗೆ ಚಿಕ್ಕಂದಿನಿಂದ್ಲೇ ಮಲಗಿದ್ದು ಆ ವರ್ಷ ಎದ್ದಿರ್ಬೋದು."

"ಹಂಗಾರೆ ಯಾರಿಗೂ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಮೇಲೆ ನನ್ನಿಂದ ಅಂತ್ಲೇ ಇಟ್ಕೊಳ್ಳಿ," ಎಂದರು. "ನಂಗೇನು ಇನ್ನು ಮದ್ವೆ ಆಗ್ಬೇಕಾ."

ಅದು ತಮಾಷೆಯೋ ಏನೋ. ಅವರು ನಗಲಿಲ್ಲ.

ಆಮೇಲೆ ಅವರು ಕೊಪ್ಪದ ಸ್ಟ್ಯಾಂಡಿನಲ್ಲಿ ಏಜೆಂಟರಾದರು. ಬಯಲಲ್ಲಿ ನಿಂತು ಬಸ್ಸುಗಳ ಊರು ಕೂಗಿ ಜನ ಹತ್ತಿಸುವ ಕೆಲಸ. ಆ ದೊಡ್ಡ ದನಿಗೆ ತಕ್ಕದ್ದೇ. ಹುಡುಗಿ ಪೂರ್ತಿ ಗುಣವಾದಳು. ಪರೀಕ್ಷೆ ಕಟ್ಟಿ ಪಾಸಾದಳು, ಮದುವೆಯಾಗಿ ಹೊಸನಗರದ ಕಡೆ ಹೋದಳು. ಬಸ್ಸಿನಿಂದ ಅಂಟಿದ್ದು, ವಂಶದ್ದಲ್ಲ ಎಂಬ ಮಾತು ಗಂಡಿನ ಕಡೆಯವರಿಗೆ ಸಾಕಾಯಿತಂತೆ. ಆ ಸುಳ್ಳೋ ನಿಜವೋ ಒಂದು ಮಾತಿನ ಮೇಲೆ ಒಂದು ಸಂಸಾರ ನಿಂತಿತು. ಅದರ ಜೊತೆಗೇ ಕೊಪ್ಪ, ಶೃಂಗೇರಿಯ ಕೆಲವರು ಅವರಿಂದ ಎರಡು ಮಾರು ದೂರ ನಿಲ್ಲುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಅವರು ಹೋದದ್ದು ಹೃದಯ ನಿಂತು. ಆಮೇಲೆ ಅವರ ಹೆಂಡತಿಯಿಂದಲೇ ತಿಳಿಯಿತು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ನನ್ನ ಲ್ಯಾಬಿಗೆ ಬಂದಳು. ತವರಿಗೆ ಬಂದಿದ್ದವಳು. ಮೈ ತುಂಬಿಕೊಂಡಿತ್ತು, ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಕೂತಳು, ಎದ್ದಳು, ಮತ್ತೆ ಕೂತಳು.

"ಮೇಡಂ, ಒಂದು ಕೇಳ್ಬೇಕಿತ್ತು. ನಂಗೆ ಅವ್ರಿಗಿಂತ ಮುಂಚೆ ಕೆಮ್ಮು ಶುರುವಾಗಿತ್ತು. ಅವ್ರ ಕಾಯಿಲೆಗಿಂತ ಮುಂಚಿನ ಬೇಸಿಗೆಲೇ. ಸಿರಪ್ಪು ಕುಡ್ದು ಕುಡ್ದು ಅಡಗಿಸ್ಕೊಂಡಿದ್ದೆ. ಬಸ್ಸಿನ ಗಲಾಟೆಗೆ ಮುಂಚೆ ಮಾತ್ರೆ ಕೊಡ್ಲಿಕ್ಕೆ ನಮ್ಮ ಮನೆಗೆ ಬರ್ತಿದ್ರಲ್ಲ, ಆಗ ಅವ್ರಿಗೆ ಹೇಳಿದ್ದೆ. ಯಾರ ಹತ್ರನೂ ಹೇಳ್ಬೇಡ ಅಂದ್ರು."

ನಾನು ನನ್ನ ಪಾಠ ಶುರುಮಾಡಿದೆ. ಕೆಮ್ಮು ಯಾರಿಗೆ ಮೊದಲು ಬಂತು ಎನ್ನುವುದರಿಂದ ಏನೂ ತೀರ್ಮಾನವಾಗುವುದಿಲ್ಲ, ಅದು ಒಳಗೆ ಎಷ್ಟು ವರ್ಷ ಬೇಕಾದರೂ ಸುಮ್ಮನಿರಬಹುದು, ಆ ಮೊದಲಿನ ಕೆಮ್ಮು ಬರೀ ಶೀತದ್ದೂ ಆಗಿರಬಹುದು. ಅವಳು ಪೂರ್ತಿ ಕೇಳಿದಳು.

"ಗೊತ್ತು ಮೇಡಂ. ನಾನೂ ಓದ್ಕೊಂಡಿದೀನಿ. ಆದ್ರೆ ಅವ್ರು ನನ್ನ ಒಂದು ಮಾತು ಕೇಳ್ದೆ ಆ ತಪ್ಪನ್ನ ತಮ್ಮ ಮೇಲೆ ತಗೊಂಡು ಹೋದ್ರು. ನಂದಾಗಿದ್ರೆ ನಾನೀಗ ಅದನ್ನ ಯಾರ ಹತ್ರ ವಾಪಸ್ ಕೇಳ್ಲಿ?"

ನಾನು ಅವಳಿಗೆ ನೀರು ಕೊಟ್ಟೆ. ಅವಳು ಕುಡಿಯಲಿಲ್ಲ, ಲೋಟ ಹಿಡಿದುಕೊಂಡು ಕೂತಳು. ಮೇಜಿನ ಮೇಲೆ ನಾನು ನೋಡಬೇಕಿದ್ದ, ಒಣಗುತ್ತಿದ್ದ ಗಾಜಿನ ಪಟ್ಟಿಗಳಿದ್ದವು. ಯಾರಲ್ಲಿದೆ ಎಂದು ಹೇಳುವ, ಯಾರಿಂದ ಬಂತೆಂದು ಹೇಳದ ಅವುಗಳನ್ನು ನೋಡುವ ಧೈರ್ಯ ಆ ಮಧ್ಯಾಹ್ನ ನನಗೆ ಬರಲಿಲ್ಲ.